ತೂಕ ಇಳಿಸುವ ಆಪರೇಷನ್ ನಂತರದ ಒಂಬತ್ತು ತಿಂಗಳು

ನಮ್ಮ ಕಡೆ ‘ಗ್ಯಾಸ್ಟ್ರಿಕ್’ ಎಂಬ ಪದ ಎಲ್ಲದಕ್ಕೂ ಆಗಿಬರುತ್ತದೆ. ಹೊಟ್ಟೆ ಉಬ್ಬರಿಸಿದರೆ ಗ್ಯಾಸ್ಟ್ರಿಕ್, ಎದೆ ಉರಿದರೆ ಗ್ಯಾಸ್ಟ್ರಿಕ್, ಬೆಳಗಿನ ತಿಂಡಿ ತಪ್ಪಿ ತಲೆ ಸುತ್ತಿದರೂ ಗ್ಯಾಸ್ಟ್ರಿಕ್ಕೇ. ಈಗ ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹೆಣ್ಣುಮಗಳೊಬ್ಬಳು ಏಳು ತುಂಬಿ, ಸೀಮಂತ ಮುಗಿಸಿಕೊಂಡು ತವರಿಗೆ ಬಂದಿದ್ದಾಳೆ. ಒಂದು ರಾತ್ರಿ ಊಟವಾದ ಮೇಲೆ ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡು ಒದ್ದಾಡುತ್ತಾಳೆ. ‘ಗ್ಯಾಸ್ಟ್ರಿಕ್ ಇರಬೇಕು, ಜೀರಿಗೆ ಕಷಾಯ ಕುಡಿ’ ಎನ್ನುತ್ತಾರೆ ಅಮ್ಮ. ಊರಿನ ಆಸ್ಪತ್ರೆಯಲ್ಲಿ ಆ್ಯಸಿಡಿಟಿಗೆ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುತ್ತಾರೆ. ಮೂರು ವರ್ಷದ ಹಿಂದೆ ಅವಳಿಗೆ ಗ್ಯಾಸ್ಟ್ರಿಕ್ ಬೈಪಾಸ್ ಆಗಿದ್ದು ಅಲ್ಲಿ ಯಾರಿಗೂ ಗೊತ್ತಿಲ್ಲ. ‘ಹಿಂದೆ ಗ್ಯಾಸ್ಟ್ರಿಕ್ ಆಪರೇಷನ್ ಆಗಿತ್ತು’ ಎಂದು ಅವಳು ಹೇಳಿದರೂ, ಕೇಳಿದವರು ಅಲ್ಸರ್‌ಗೋ ಏನೋ ಎಂದುಕೊಂಡು ಮುಂದೆ ಹೋಗಬಹುದು.

ಆ ನೋವು ನಿಜಕ್ಕೂ ಗ್ಯಾಸ್ಟ್ರಿಕ್ಕೇ ಆಗಿರಬಹುದು. ಕೆಲವೇ ಗಂಟೆಗಳಲ್ಲಿ ಕರುಳನ್ನು ಕೊಲ್ಲುವ ಸಿಕ್ಕೂ ಆಗಿರಬಹುದು. ಎರಡರ ನಡುವಿನ ವ್ಯತ್ಯಾಸ ಹೊಳೆಯಬೇಕಾದರೆ, ಆ ಹೊಟ್ಟೆಯೊಳಗೆ ಮೂರು ವರ್ಷದ ಹಿಂದೆ ಏನು ಮಾಡಿದ್ದರು ಎಂಬುದು ಗೊತ್ತಿರಬೇಕು.

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಳ್ಳುವವರಲ್ಲಿ ಜಗತ್ತಿನ ಲೆಕ್ಕ ತೆಗೆದರೆ ಸುಮಾರು ಮುಕ್ಕಾಲು ಪಾಲು ಹೆಂಗಸರು. ಅವರಲ್ಲಿ ಬಹಳಷ್ಟು ಮಂದಿ ಇನ್ನೂ ಮಕ್ಕಳಾಗುವ ವಯಸ್ಸಿನವರು. ‘ತೂಕ ಇಳಿದರೆ ಮಗು ನಿಲ್ಲುತ್ತದೆ’ ಎಂಬ ಆಸೆಯಿಂದಲೇ ಆಪರೇಷನ್‌ಗೆ ಒಪ್ಪಿದವರೂ ಅವರಲ್ಲಿದ್ದಾರೆ.

ಈ ಆಪರೇಷನ್ ಯಾರಿಗೆ ಮಾಡುತ್ತಾರೆ?

ವೈದ್ಯರು ಇದನ್ನು ಬ್ಯಾರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಹೊಟ್ಟೆಯ ಕೊಬ್ಬನ್ನು ಹೀರಿ ತೆಗೆಯುವ ಲೈಪೋಸಕ್ಷನ್ ಬೇರೆ, ಇದು ಬೇರೆ. ಇಲ್ಲಿ ಕೊಬ್ಬನ್ನು ಮುಟ್ಟುವುದೇ ಇಲ್ಲ. ಜಠರದ ಅಳತೆಯನ್ನು, ಕೆಲವೊಮ್ಮೆ ಕರುಳಿನ ದಾರಿಯನ್ನೂ ಬದಲಿಸುತ್ತಾರೆ. ಹಸಿವು ಹುಟ್ಟಿಸುವ, ತಣಿಸುವ ಹಾರ್ಮೋನುಗಳೂ ಇದರಿಂದ ಬದಲಾಗುತ್ತವೆ.

ಯಾರಿಗೆ ಬೇಕು ಎಂಬುದನ್ನು ಬಿಎಂಐ ಎಂಬ ಲೆಕ್ಕದಿಂದ ಅಳೆಯುತ್ತಾರೆ: ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಸಂಖ್ಯೆ. 155 ಸೆಂಟಿಮೀಟರ್ ಎತ್ತರದ, 78 ಕಿಲೋ ತೂಗುವ ಹೆಂಗಸಿನ ಬಿಎಂಐ ಸುಮಾರು 32.5. ಭಾರತದಲ್ಲಿ ಬಹುಕಾಲ ಬಳಕೆಯಲ್ಲಿದ್ದ ಗೆರೆ ಎಂದರೆ 37.5, ಸಕ್ಕರೆ ಕಾಯಿಲೆ, ಬಿಪಿಯಂಥ ತೊಂದರೆ ಜೊತೆಗಿದ್ದರೆ 32.5. 2022ರಲ್ಲಿ ಅಂತರರಾಷ್ಟ್ರೀಯ ಸರ್ಜನ್ ಸಂಘಟನೆಗಳು ಗೆರೆಯನ್ನು ಇನ್ನೂ ಕೆಳಗಿಳಿಸಿ, ಏಷ್ಯಾದವರಿಗೆ 27.5ರಿಂದಲೇ ಪರಿಗಣಿಸಬಹುದು ಎಂದವು. ನಮ್ಮವರಿಗೆ ಕಡಿಮೆ ತೂಕದಲ್ಲೇ ಸಕ್ಕರೆ ಕಾಯಿಲೆ ಬರುತ್ತದೆ ಎಂಬುದು ಅದಕ್ಕೆ ಕಾರಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 30 ಮಂದಿಯ ಬಿಎಂಐ 25 ದಾಟಿದೆ. ಅವರೆಲ್ಲರಿಗೂ ಆಪರೇಷನ್ ಬೇಕಿಲ್ಲ, ನಿಜ. ಆದರೆ ಈ ಮಾತು ಇನ್ನು ಕೆಲವೇ ಶ್ರೀಮಂತರ ಮನೆಯದ್ದಾಗಿ ಉಳಿದಿಲ್ಲ.

ಚೀಲ ಚಿಕ್ಕದಾಯಿತು, ದಾರಿ ಬದಲಾಯಿತು

ಸಾಮಾನ್ಯ ಜಠರದಲ್ಲಿ ಒಂದು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ‘ಸ್ಲೀವ್’ ಎನ್ನುವ ಆಪರೇಷನ್‌ನಲ್ಲಿ ಅದರ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಉದ್ದಕ್ಕೆ ಕತ್ತರಿಸಿ ತೆಗೆದುಬಿಡುತ್ತಾರೆ. ಉಳಿಯುವುದು ಬಾಳೆಕಾಯಿ ಆಕಾರದ ಒಂದು ಕೊಳವೆ. ಅದರಲ್ಲಿ ಹಿಡಿಯುವುದು ದರ್ಶಿನಿಯ ಕಾಫಿ ಲೋಟದಷ್ಟು. ಕರುಳಿನ ದಾರಿ ಮಾತ್ರ ಮೊದಲಿನಂತೆಯೇ ಇರುತ್ತದೆ. ಈಗ ಹೆಚ್ಚಾಗಿ ನಡೆಯುವುದು ಇದೇ.

‘ಗ್ಯಾಸ್ಟ್ರಿಕ್ ಬೈಪಾಸ್’ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ, ಅಂದರೆ ಎರಡು ದೊಡ್ಡ ಚಮಚದಷ್ಟು ಹಿಡಿಯುವ ಪುಟ್ಟ ಚೀಲ ಮಾಡುತ್ತಾರೆ. ಸಣ್ಣ ಕರುಳನ್ನು ಒಂದು ಕಡೆ ಕತ್ತರಿಸಿ, ಅದರ ತುದಿಯನ್ನು ಮೇಲಕ್ಕೆಳೆದು ಈ ಚೀಲಕ್ಕೆ ಜೋಡಿಸುತ್ತಾರೆ. ಊಟ ಹಳೆಯ ಜಠರವನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ನೇರ ಕೆಳಗೆ ಹೋಗುತ್ತದೆ. ಇದಕ್ಕೆ ರೂ-ಎನ್-ವೈ ಬೈಪಾಸ್ ಎಂದು ಪೂರ್ತಿ ಹೆಸರು. ಹೊಸ ಜೋಡಣೆ ಇಂಗ್ಲಿಷಿನ ವೈ ಅಕ್ಷರದಂತೆ ಕಾಣುತ್ತದೆ. ಒಂದೇ ಜೋಡಣೆಯಲ್ಲಿ ಮುಗಿಸುವ ‘ಮಿನಿ ಬೈಪಾಸ್’ ಕೂಡ ನಮ್ಮ ದೇಶದಲ್ಲಿ ಸಾಕಷ್ಟು ನಡೆಯುತ್ತದೆ. ಹೆಸರು ಮಿನಿ ಆದರೂ ಅದರಲ್ಲಿ ಊಟ ಮುಟ್ಟದೆ ಬಿಡುವ ಕರುಳಿನ ಉದ್ದ ಸಾಮಾನ್ಯವಾಗಿ ಹೆಚ್ಚೇ.

ಬೈಪಾಸ್ ರಸ್ತೆ ಬಂದಾಗ ಊರೊಳಗಿನ ಅಂಗಡಿಗಳಿಗೆ ಏನಾಗುತ್ತದೋ ಇಲ್ಲೂ ಅದೇ. ಲಾರಿಗಳು ಬೇಗ ಮುಂದೆ ಹೋಗುತ್ತವೆ, ಊರೊಳಗೆ ವ್ಯಾಪಾರ ಬಿದ್ದುಹೋಗುತ್ತದೆ. ನಮ್ಮ ಹೊಟ್ಟೆಯ ಆ ‘ಊರೊಳಗೆ’, ಸಣ್ಣ ಕರುಳಿನ ಮೊದಲ ಗೇಣುಗಳಲ್ಲಿ, ಕಬ್ಬಿಣಾಂಶವನ್ನೂ ಕ್ಯಾಲ್ಸಿಯಮ್ಮನ್ನೂ ಇಳಿಸಿಕೊಳ್ಳುವ ಅಂಗಡಿಗಳಿವೆ. ಮುಂದಿನ ಅರ್ಧ ತೊಂದರೆಗಳ ಬೇರು ಇದೇ.

ನಿಂತ ಮುಟ್ಟು ಮರಳಿದಾಗ

ಕೊಬ್ಬು ಸುಮ್ಮನೆ ಕೂತಿರುವ ಗಂಟಲ್ಲ. ಅದು ಹಾರ್ಮೋನು ತಯಾರಿಸುತ್ತದೆ, ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತದೆ. ಇದರಿಂದ ಅಂಡಾಶಯದ ಲಯ ಕೆಟ್ಟು, ಮುಟ್ಟು ತಿಂಗಳುಗಟ್ಟಲೆ ನಿಲ್ಲುತ್ತದೆ. ಪಿಸಿಒಡಿ ಎಂಬ ಹೆಸರಲ್ಲಿ ಇದು ಈಗ ಮನೆಮಾತಾಗಿದೆ. ಆಪರೇಷನ್ ಆಗಿ ತೂಕ ಇಳಿಯತೊಡಗಿದರೆ ಕೆಲವೇ ತಿಂಗಳಲ್ಲಿ ಈ ಲಯ ಮರಳಬಹುದು. ವರ್ಷಗಟ್ಟಲೆ ಹರಕೆ ಹೊತ್ತವರಿಗೆ, ಬಯಸದೇ ಇದ್ದ ಹೊತ್ತಿನಲ್ಲಿ ಬಸುರು ನಿಲ್ಲುವುದು ಹೀಗೆ. ‘ನನಗೆ ಹೇಗೂ ಆಗುವುದಿಲ್ಲ’ ಎಂದುಕೊಂಡು ಯಾವ ಎಚ್ಚರವನ್ನೂ ವಹಿಸಿರುವುದಿಲ್ಲ.

‘ಬಯಸದ ಹೊತ್ತು’ ಎಂದದ್ದಕ್ಕೆ ಕಾರಣವಿದೆ. ಮೊದಲ ಒಂದು ವರ್ಷ ದೇಹ ತನ್ನ ಉಳಿತಾಯವನ್ನೇ ಕರಗಿಸಿ ತಿನ್ನುತ್ತಿರುತ್ತದೆ. ಮನೆಯಲ್ಲೇ ಅಕ್ಕಿ ಅಳೆದು ಹಾಕುವ ಸಮಯದಲ್ಲಿ ನೆಂಟರು ಬಂದಂತೆ, ಆಗ ಬಸುರಾದರೆ ಮಗುವಿನ ಪಾಲಿಗೆ ಕೊರತೆ ಬೀಳಬಹುದು. ಅದಕ್ಕೇ ತೂಕ ಒಂದು ಹದಕ್ಕೆ ಬಂದು ನಿಲ್ಲುವವರೆಗೆ, ಸಾಮಾನ್ಯವಾಗಿ 12ರಿಂದ 18 ತಿಂಗಳು, ಕಾಯಲು ವೈದ್ಯರು ಹೇಳುತ್ತಾರೆ. ಎರಡು ವರ್ಷ ಎನ್ನುವವರೂ ಇದ್ದಾರೆ.

ಕಾಯುವ ಕಾಲಕ್ಕೆ ಗರ್ಭನಿರೋಧಕ ಮಾತ್ರೆ ನಂಬಿಕೂರುವಂತಿಲ್ಲ, ವಿಶೇಷವಾಗಿ ಬೈಪಾಸ್ ಆದವರು. ಊಟದ ಸಾರವೇ ಪೂರ್ತಿ ಹೀರಲಾಗದ ಕರುಳು ಮಾತ್ರೆಯನ್ನು ಪೂರ್ತಿ ಹೀರುತ್ತದೆ ಎಂಬ ಖಾತ್ರಿ ಇಲ್ಲ. ವಾಂತಿ ಭೇದಿಯಾದರೆ ಇನ್ನೂ ಕಷ್ಟ. ಕಾಪರ್-ಟಿಯಂಥ, ಕರುಳಿನ ಹಂಗಿಲ್ಲದ ಉಪಾಯಗಳು ಇಲ್ಲಿ ಮೇಲು. ಆಪರೇಷನ್ ನಂತರ ತೂಕ ಮತ್ತೆ ಏರಿತೆಂದು ಸೆಮಾಗ್ಲುಟೈಡ್ ಇಂಜೆಕ್ಷನ್ ತೆಗೆದುಕೊಳ್ಳುತ್ತಿರುವವರು ಇನ್ನೊಂದು ಲೆಕ್ಕ ಇಟ್ಟುಕೊಳ್ಳಬೇಕು: ಮಗುವಿಗೆ ಯೋಚಿಸುವ ಕನಿಷ್ಠ ಎರಡು ತಿಂಗಳ ಮೊದಲೇ ಅದನ್ನು ನಿಲ್ಲಿಸಬೇಕು.

ಆರನೇ ತಿಂಗಳಲ್ಲೇ ಬಸುರಾಗಿಬಿಟ್ಟರೆ? ಅದೊಂದೇ ಕಾರಣಕ್ಕೆ ತೆಗೆಸಬೇಕು ಎಂದು ಯಾವ ಮಾರ್ಗಸೂಚಿಯೂ ಹೇಳುವುದಿಲ್ಲ. ರಕ್ತಪರೀಕ್ಷೆ, ಸ್ಕ್ಯಾನ್ ಹೆಚ್ಚು ಬಾರಿ ಆಗಬೇಕು, ಅಷ್ಟೆ. ಇಂಥ ಬಸುರುಗಳಲ್ಲಿ ಹೆಚ್ಚಿನವು ಆರೋಗ್ಯವಂತ ಮಗುವಿನಲ್ಲೇ ಮುಗಿಯುತ್ತವೆ.

ಸ್ವೀಡನ್ ದೇಶದ ಲೆಕ್ಕ ಏನು ಹೇಳುತ್ತದೆ?

ಆಪರೇಷನ್ ಆದರೆ ಬಸುರಿಗೆ ಒಳ್ಳೆಯದೋ ಕೆಟ್ಟದ್ದೋ ಎಂದು ಒಂದೇ ಮಾತಲ್ಲಿ ಕೇಳಿದರೆ ಉತ್ತರ ಸಿಗುವುದಿಲ್ಲ. ಯಾಕೆಂಬುದನ್ನು 2015ರಲ್ಲಿ ಪ್ರಕಟವಾದ ಸ್ವೀಡನ್ನಿನ ಒಂದು ಅಧ್ಯಯನ ಚೆನ್ನಾಗಿ ತೋರಿಸುತ್ತದೆ. ಅಲ್ಲಿ ಪ್ರತಿ ಹೆರಿಗೆಯ ಮಾಹಿತಿಯೂ ಸರ್ಕಾರಿ ದಾಖಲೆಯಲ್ಲಿರುತ್ತದೆ. ಆಪರೇಷನ್ ಆದ ಹೆಂಗಸರ 670 ಬಸುರುಗಳನ್ನು, ಆಪರೇಷನ್‌ಗೆ ಮುಂಚೆ ಅವರಿಗಿದ್ದಷ್ಟೇ ಬಿಎಂಐ ಇದ್ದು ಆಪರೇಷನ್ ಮಾಡಿಸಿಕೊಳ್ಳದ ಹೆಂಗಸರ ಬಸುರುಗಳ ಪಕ್ಕದಲ್ಲಿಟ್ಟು ನೋಡಿದರು. ಹೆಚ್ಚುಕಡಿಮೆ ಎಲ್ಲರದ್ದೂ ಗ್ಯಾಸ್ಟ್ರಿಕ್ ಬೈಪಾಸ್.

ಬಸುರಿನಲ್ಲಿ ಕಾಣಿಸಿಕೊಳ್ಳುವ ಸಕ್ಕರೆ ಕಾಯಿಲೆ, ಆಪರೇಷನ್ ಆಗದವರಲ್ಲಿ ನೂರಕ್ಕೆ 6.8 ಮಂದಿಗೆ ಬಂದರೆ, ಆದವರಲ್ಲಿ 1.9 ಮಂದಿಗೆ ಮಾತ್ರ. ಅಳತೆ ಮೀರಿ ದಪ್ಪ ಬೆಳೆದ ಮಕ್ಕಳು 22.4ರಿಂದ 8.6ಕ್ಕೆ ಇಳಿದಿದ್ದವು, ದಪ್ಪ ಮಗು ಎಂದರೆ ಹೆರಿಗೆಯಲ್ಲಿ ಭುಜ ಸಿಕ್ಕಿಕೊಳ್ಳುವ ಭಯ, ಆದ್ದರಿಂದ ಇದು ದೊಡ್ಡ ಲಾಭ. ಇಲ್ಲಿಗೆ ಖುಷಿ ಸುದ್ದಿ ಮುಗಿಯಿತು. ದಿನಕ್ಕೆ ತಕ್ಕ ಬೆಳವಣಿಗೆ ಇಲ್ಲದ ಸಣ್ಣ ಮಕ್ಕಳು 7.6ರಿಂದ 15.6ಕ್ಕೆ, ಅಂದರೆ ಎರಡರಷ್ಟಾಗಿದ್ದವು. ಬಸುರಿನ ಅವಧಿ ಸರಾಸರಿ ನಾಲ್ಕೂವರೆ ದಿನ ಕಡಿಮೆಯಾಗಿತ್ತು. ಹೊಟ್ಟೆಯಲ್ಲೇ ಅಥವಾ ಹುಟ್ಟಿದ ತಿಂಗಳೊಳಗೆ ತೀರಿಕೊಂಡ ಮಕ್ಕಳು 0.7ಕ್ಕೆ ಬದಲು 1.7, ಈ ಕೊನೆಯ ವ್ಯತ್ಯಾಸ ಆಕಸ್ಮಿಕವಾಗಿಯೂ ಬಂದಿರಬಹುದಾದ ಅಂಚಿನಲ್ಲಿತ್ತು, ಹಾಗಾಗಿ ಅದನ್ನು ಖಚಿತ ಎನ್ನಲಾಗದು. ಹುಟ್ಟಿನಿಂದ ಬಂದ ಅಂಗದೋಷಗಳಲ್ಲಿ ವ್ಯತ್ಯಾಸ ಕಾಣಲಿಲ್ಲ.

ಒಂದು ತೊಂದರೆ ಕೊಟ್ಟು ಇನ್ನೊಂದನ್ನು ತೆಗೆದುಕೊಂಡಂತೆ ಇದು. ಜಾಸ್ತಿ ತೂಕದ ಜೊತೆ ಬರುವ ಅಪಾಯ ಇಳಿಯಿತು, ಕೊರತೆಯ ಜೊತೆ ಬರುವ ಅಪಾಯ ಏರಿತು. ಆದ್ದರಿಂದಲೇ ಇಂಥ ಬಸುರಿಗೆ 24 ವಾರದ ನಂತರ ತಿಂಗಳಿಗೊಮ್ಮೆಯಾದರೂ ಮಗುವಿನ ಬೆಳವಣಿಗೆ ನೋಡುವ ಸ್ಕ್ಯಾನ್ ಬೇಕೆನ್ನುತ್ತಾರೆ.

ತಿಂದದ್ದೆಲ್ಲ ಎಲ್ಲಿ ಹೋಯಿತು?

ಕಬ್ಬಿಣಾಂಶದಿಂದ ಶುರು ಮಾಡೋಣ. ಸೊಪ್ಪು, ರಾಗಿ, ಕಾಳಿನಲ್ಲಿರುವ ಕಬ್ಬಿಣ ಹಾಗೇ ರಕ್ತಕ್ಕೆ ಸೇರುವುದಿಲ್ಲ. ಜಠರದ ಆಮ್ಲ ಅದನ್ನು ಕರುಳು ಹೀರುವ ರೂಪಕ್ಕೆ ತರಬೇಕು. ಆಪರೇಷನ್ ಆದವರಲ್ಲಿ ಆಮ್ಲವೂ ಕಡಿಮೆ, ಬೈಪಾಸ್ ಆಗಿದ್ದರೆ ಹೀರುವ ಜಾಗವೂ ದಾರಿಯಲ್ಲಿಲ್ಲ. ಇದರ ಮೇಲೆ ಬಸುರಿಗೆ ಬೇಕಾಗುವುದು ಹೆಚ್ಚು. ಕರ್ನಾಟಕದ ಹೆಂಗಸರಲ್ಲಿ, ಯಾವ ಆಪರೇಷನ್ನೂ ಆಗದವರನ್ನು ಸೇರಿಸಿಯೇ, ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ ಎಂಬುದನ್ನು ಇಲ್ಲಿ ನೆನೆಯಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಉಳಿದವರಿಗೆ ಸಾಕಾಗುವ ಇದು ಇವರಿಗೆ ಸಾಲದೆ ಹೋಗಬಹುದು. ಆಗ ರಕ್ತನಾಳದ ಮೂಲಕ ಕಬ್ಬಿಣ ಕೊಡುತ್ತಾರೆ. ‘ನುಂಗಿದ್ದೇನೆ, ಆದರೂ ಹಿಮೋಗ್ಲೋಬಿನ್ ಏರಲಿಲ್ಲ’ ಎಂದರೆ ನುಂಗದೆ ಸುಳ್ಳು ಹೇಳುತ್ತಿದ್ದಾಳೆ ಎಂದು ಬೈಯುವ ಮೊದಲು ಹೊಟ್ಟೆಯ ಇತಿಹಾಸ ಕೇಳಬೇಕು. ಮಣ್ಣು, ಬಳಪ, ಹಸಿ ಅಕ್ಕಿ ತಿನ್ನುವ ಬಯಕೆಯೂ ಎಷ್ಟೋ ಸಲ ಕಬ್ಬಿಣದ ಕೊರತೆಯದ್ದೇ ಕೂಗು.

ಬಿ12 ವಿಟಮಿನ್ನಿನ ಕತೆ ಇನ್ನೂ ಸ್ವಾರಸ್ಯದ್ದು. ಕರುಳಿನ ಕೊನೆಯ ಭಾಗದಲ್ಲಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತಾರೆ, ಆದರೆ ಒಳಗೆ ಹೋಗಲು ಒಂದು ಚೀಟಿ ಬೇಕು. ಆ ಚೀಟಿ ಸಿಗುವುದು ಜಠರದಲ್ಲಿ. ಅಲ್ಲಿ ಸ್ರವಿಸುವ ಒಂದು ಪ್ರೋಟೀನ್ ಬಿ12ಗೆ ಅಂಟಿಕೊಂಡು ಜೊತೆಗೆ ಬರಬೇಕು. ಜಠರವನ್ನೇ ಕತ್ತರಿಸಿದರೆ ಅಥವಾ ಬದಿಗಿಟ್ಟರೆ ಚೀಟಿ ಕೊಡುವವರೇ ಕಡಿಮೆ. ಯಕೃತ್ತಿನಲ್ಲಿ ಬಿ12 ಕೆಲವು ವರ್ಷಕ್ಕಾಗುವಷ್ಟು ಸಂಗ್ರಹ ಇರುವುದರಿಂದ ಕೊರತೆ ತಕ್ಷಣ ತಿಳಿಯುವುದಿಲ್ಲ, ಆಪರೇಷನ್ ಮರೆತೇಹೋದ ಕಾಲಕ್ಕೆ ಎದ್ದು ಬರುತ್ತದೆ. ಹಾಲು ಮೊಸರಷ್ಟನ್ನೇ ನೆಚ್ಚಿದ ಸಸ್ಯಾಹಾರಿಗಳಲ್ಲಿ ಸಂಗ್ರಹವೇ ಕಡಿಮೆ, ಅವರಿಗೆ ಬೇಗ. ಸಾಮಾನ್ಯ ಪರಿಹಾರ ಮೂರು ತಿಂಗಳಿಗೊಮ್ಮೆ ಬಿ12 ಇಂಜೆಕ್ಷನ್ ಅಥವಾ ದಿನಾ ಹೆಚ್ಚು ಪ್ರಮಾಣದ ಮಾತ್ರೆ. ಇಲ್ಲಿ ಒಂದು ಮೋಸವಿದೆ: ಫೋಲಿಕ್ ಆಮ್ಲ ಮಾತ್ರ ನುಂಗುತ್ತಿದ್ದರೆ ರಕ್ತದ ವರದಿ ಚೆನ್ನಾಗಿ ಕಾಣುತ್ತದೆ, ನರಗಳು ಮಾತ್ರ ಒಳಗೊಳಗೇ ಕೆಡುತ್ತಿರುತ್ತವೆ. ಕೈಕಾಲು ಜೋಮು ಹಿಡಿಯುವುದನ್ನು ‘ಬಸುರಿನಲ್ಲಿ ಇದೆಲ್ಲ ಇದ್ದದ್ದೇ’ ಎಂದು ಬಿಡಬಾರದು. ಹಾಗೆಂದು ಫೋಲಿಕ್ ಆಮ್ಲ ಬಿಡುವಂತೆಯೂ ಇಲ್ಲ. ಬಸುರಿಗೆ ಮುಂಚಿನಿಂದಲೇ ಅದು ಬೇಕು, ಬಿಎಂಐ ಇನ್ನೂ 30ರ ಮೇಲಿದ್ದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಹೆಚ್ಚಿನ ಪ್ರಮಾಣ ಬರೆಯುತ್ತಾರೆ.

ಕ್ಯಾಲ್ಸಿಯಂ ಮಾತ್ರೆಗಳಲ್ಲಿ ಎರಡು ಬಗೆ. ಅಂಗಡಿಯಲ್ಲಿ ಹೆಚ್ಚು ಸಿಗುವ ಕಾರ್ಬೊನೇಟ್ ಕರಗಲು ಆಮ್ಲ ಬೇಕು. ಸಿಟ್ರೇಟ್‌ಗೆ ಅಷ್ಟು ಬೇಡ, ಆದ್ದರಿಂದ ಇವರಿಗೆ ಸಿಟ್ರೇಟ್ ಒಳ್ಳೆಯದು. ಕಬ್ಬಿಣದ ಮಾತ್ರೆಯೂ ಕ್ಯಾಲ್ಸಿಯಮ್ಮೂ ಒಟ್ಟಿಗೆ ನುಂಗಿದರೆ ಕಬ್ಬಿಣ ಒಳಸೇರಲು ಅಡ್ಡಿ, ನಡುವೆ ಎರಡು ಗಂಟೆ ಬೇಕು. ಕಾಫಿ ಟೀ ಜೊತೆ ಕಬ್ಬಿಣ ನುಂಗಿದರೆ ನುಂಗಿದ್ದು ದಂಡ. ವಿಟಮಿನ್ ಎ ವಿಷಯದಲ್ಲಿ ಕೊರತೆಯೂ ಕೆಟ್ಟದ್ದು, ರೆಟಿನಾಲ್ ರೂಪದಲ್ಲಿ ಅತಿಯಾದರೆ ಮಗುವಿನ ಅಂಗದೋಷಕ್ಕೆ ದಾರಿ. ಆಪರೇಷನ್ ಆದವರು ವರ್ಷಗಳಿಂದ ನುಂಗುತ್ತಿರುವ ಮಲ್ಟಿವಿಟಮಿನ್‌ನಲ್ಲಿ ಯಾವ ರೂಪವಿದೆ ಎಂದು ಬಸುರಾಗುವ ಮೊದಲೇ ತೋರಿಸಿ, ಬೀಟಾ ಕ್ಯಾರೊಟಿನ್ ಇರುವುದಕ್ಕೆ ಬದಲಿಸಿಕೊಳ್ಳುವುದು ರೂಢಿ.

ಇನ್ನು ಊಟ. ‘ಇಬ್ಬರ ಊಟ ಮಾಡಬೇಕು’ ಎಂದು ಅತ್ತೆ ಬಡಿಸಿದರೆ ಅದು ಹೋಗಲು ಜಾಗವೇ ಇಲ್ಲ. ಒಂದು ರಾಗಿ ಮುದ್ದೆಗೇ ಚೀಲ ತುಂಬಿಹೋದರೆ ಮೊಟ್ಟೆಗೆ, ಬೇಳೆಗೆ ಎಡೆ ಉಳಿಯುವುದಿಲ್ಲ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನ್ ಸಿಗಬೇಕು. ಒಂದು ಮೊಟ್ಟೆಯಲ್ಲಿರುವುದು ಸುಮಾರು ಆರು ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಆದ್ದರಿಂದ ತಟ್ಟೆಯ ಕ್ರಮ ತಲೆಕೆಳಗು: ಮೊದಲು ಮೊಟ್ಟೆ, ಕಾಳು, ಪನೀರ್, ಮೀನು, ಆಮೇಲೆ ಪಲ್ಯ, ಹೊಟ್ಟೆಯಲ್ಲಿ ಜಾಗ ಉಳಿದರೆ ಅನ್ನ, ಮುದ್ದೆ. ಅದೂ ದಿನಕ್ಕೆ ಐದಾರು ಸಲ, ಸ್ವಲ್ಪಸ್ವಲ್ಪ. ನೀರು ಊಟದ ಜೊತೆಗಲ್ಲ, ಎರಡು ಊಟಗಳ ನಡುವಿನ ಹೊತ್ತಿನಲ್ಲಿ.

ವಾಂತಿ ಮತ್ತು ಗ್ಲೂಕೋಸ್ ಡ್ರಿಪ್

ಬಸುರಿನ ಮೊದಲ ತಿಂಗಳುಗಳ ವಾಂತಿ ಯಾರಿಗೂ ಹೊಸದಲ್ಲ. ಆದರೆ ಇವರಲ್ಲಿ ಅದು ಎರಡು ವಾರ ಎಡೆಬಿಡದೆ ನಡೆದರೆ ಬಿ1 ವಿಟಮಿನ್, ಅಂದರೆ ತಯಾಮಿನ್, ಬರಿದಾಗಿಬಿಡುತ್ತದೆ. ದೇಹದಲ್ಲಿ ಅದರ ಸಂಗ್ರಹ ಇರುವುದೇ ಎರಡು ಮೂರು ವಾರಕ್ಕಾಗುವಷ್ಟು. ಪಾಲಿಶ್ ಮಾಡಿದ ಬಿಳಿ ಅಕ್ಕಿಯಲ್ಲಿ ಅದು ಮೊದಲೇ ಕಡಿಮೆ.

ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಲು ಮೆದುಳಿಗೆ ತಯಾಮಿನ್ ಬೇಕೇ ಬೇಕು. ಅದು ಬರಿದಾದ ಹೊತ್ತಿಗೆ, ‘ಸುಸ್ತಾಗಿದ್ದಾಳೆ, ಒಂದು ಬಾಟ್ಲಿ ಗ್ಲೂಕೋಸ್ ಏರಿಸಿ’ ಎಂದರೆ, ಉಳಿದ ಚೂರುಪಾರು ತಯಾಮಿನ್ ಕೂಡ ಆ ಸಕ್ಕರೆಯನ್ನು ಉರಿಸಲು ಖರ್ಚಾಗಿ ಮೆದುಳಿಗೆ ಪೆಟ್ಟು ಬೀಳುತ್ತದೆ. ವರ್ನಿಕೆ ಎಂಬ ಈ ಸ್ಥಿತಿಯಲ್ಲಿ ಮಾತು ಗಲಿಬಿಲಿಯಾಗುತ್ತದೆ, ಕಣ್ಣಿಗೆ ಒಂದು ಎರಡಾಗಿ ಕಾಣಬಹುದು, ನಡೆದರೆ ತೂರಾಡುತ್ತಾರೆ. ತಡವಾದರೆ ನೆನಪಿನ ಶಕ್ತಿಗೆ ಶಾಶ್ವತ ಹಾನಿ. ತಪ್ಪಿಸುವುದು ಮಾತ್ರ ತೀರಾ ಸುಲಭ ಮತ್ತು ಅಗ್ಗ: ಗ್ಲೂಕೋಸ್‌ಗೆ ಮುಂಚೆ ತಯಾಮಿನ್ ಇಂಜೆಕ್ಷನ್. ಡ್ರಿಪ್ ಎಂದರೆ ಶಕ್ತಿ ಎಂದು ನಂಬಿದ ನಾಡಿನಲ್ಲಿ ಈ ಅನುಕ್ರಮ ನರ್ಸ್‌ಗೂ ಮನೆಯವರಿಗೂ ಗೊತ್ತಿದ್ದರೆ ಒಳ್ಳೆಯದು.

ಸಿಹಿನೀರಿನ ಪರೀಕ್ಷೆ ಇವರಿಗೆ ಯಾಕೆ ಒಗ್ಗುವುದಿಲ್ಲ?

ನಮ್ಮಲ್ಲಿ ಪ್ರತಿ ಬಸುರಿಗೂ 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, ಎರಡು ಗಂಟೆ ಬಿಟ್ಟು ರಕ್ತ ನೋಡುತ್ತಾರೆ. 140 ಮುಟ್ಟಿದರೆ ಬಸುರಿನ ಸಕ್ಕರೆ ಕಾಯಿಲೆ ಎಂದು ತೀರ್ಮಾನ. ಬೈಪಾಸ್ ಆದ ಹೊಟ್ಟೆಯಲ್ಲಿ ಈ ಸಿಹಿನೀರನ್ನು ತಡೆದು ನಿಧಾನಕ್ಕೆ ಬಿಡುವ ಬಾಗಿಲೇ ಇಲ್ಲ. ತೂಬು ಮುರಿದ ಕೆರೆಯಂತೆ ಎಲ್ಲವೂ ಒಮ್ಮೆಗೇ ಕರುಳಿಗೆ ನುಗ್ಗುತ್ತದೆ. ಅಷ್ಟು ಸಕ್ಕರೆ ಸುತ್ತಲಿನ ರಕ್ತದಿಂದ ನೀರು ಎಳೆದುಕೊಳ್ಳುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬೆವರು, ಹೊಟ್ಟೆ ಹಿಂಡುವುದು, ಭೇದಿ. ಸ್ವಲ್ಪ ಹೊತ್ತಿನ ಮೇಲೆ, ಗಾಬರಿಬಿದ್ದ ದೇಹ ಸುರಿಸಿದ ಇನ್ಸುಲಿನ್‌ನಿಂದ ಸಕ್ಕರೆ ಪಾತಾಳಕ್ಕಿಳಿದು ಕಣ್ಣುಕತ್ತಲೆ ಬರಬಹುದು. ಇದನ್ನು ‘ಡಂಪಿಂಗ್’ ಎನ್ನುತ್ತಾರೆ. ಎರಡನೇ ಗಂಟೆಯ ರಕ್ತ ತೆಗೆದು ನೋಡಿದರೆ ‘ನಾರ್ಮಲ್’ ಎಂದೇ ಬರಬಹುದು, ಆದರೆ ಆ ಅಂಕಿಗೆ ಅರ್ಥವಿಲ್ಲ.

ಬದಲಿ ದಾರಿ ಸರಳ. 24ರಿಂದ 28 ವಾರದ ನಡುವೆ ಒಂದು ವಾರ ಮನೆಯಲ್ಲೇ ಗ್ಲೂಕೋಮೀಟರ್‌ನಿಂದ ಬೆರಳು ಚುಚ್ಚಿ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೂ ಊಟಗಳ ನಂತರವೂ ನೋಡಿ ಬರೆದಿಡುವುದು. ಸ್ಲೀವ್ ಆದವರಿಗೆ ಡಂಪಿಂಗ್ ಅಷ್ಟಾಗಿ ಬಾಧಿಸದಿದ್ದರೂ ಇಲ್ಲವೇ ಇಲ್ಲ ಎನ್ನುವಂತಿಲ್ಲ.

ಹೊರಗೆ ಕಾಣದ ಹರ್ನಿಯಾ

ಈಗ ಮೊದಲು ಹೇಳಿದ ಆ ರಾತ್ರಿಗೆ ವಾಪಸ್ ಬರೋಣ. ಇಡೀ ವಿಷಯದಲ್ಲಿ ಅತ್ಯಂತ ಅಪಾಯದ್ದು ಇದೇ, ಮತ್ತು ಬಹುಮಂದಿ ಹೆಸರೂ ಕೇಳಿರದ್ದು.

ಹರ್ನಿಯಾ ಎಂದರೆ ಹೊಕ್ಕುಳಲ್ಲೋ ತೊಡೆಸಂದಿಯಲ್ಲೋ ಗಂಟು ಉಬ್ಬುವುದು ಎಂದು ನಮಗೆ ಗೊತ್ತು. ‘ಒಳ ಹರ್ನಿಯಾ’ದಲ್ಲಿ ಹೊರಗೆ ಏನೂ ಉಬ್ಬುವುದಿಲ್ಲ. ಹೊಟ್ಟೆಯ ಒಳಗೇ ಇರುವ ಒಂದು ಕಿಂಡಿಯೊಳಗೆ ಕರುಳು ನುಸುಳಿ ಸಿಕ್ಕಿಕೊಳ್ಳುತ್ತದೆ.

ಕಿಂಡಿ ಬಂದದ್ದೆಲ್ಲಿಂದ? ನೆರಿಗೆ ಹಿಡಿದ ಲಂಗವನ್ನು ಕಣ್ಣಮುಂದೆ ತಂದುಕೊಳ್ಳಿ. ಸೊಂಟದ ಪಟ್ಟಿ ಚಿಕ್ಕದು, ಕೆಳಗಿನ ಅಂಚಿನ ಸುತ್ತಳತೆ ದೊಡ್ಡದು. ನಮ್ಮ ಸಣ್ಣ ಕರುಳು ಆ ಅಂಚಿನಂತೆ, ಸುಮಾರು ಆರು ಮೀಟರ್ ಉದ್ದ. ಅದನ್ನು ಬೆನ್ನಿಗೆ ಕಟ್ಟಿಹಿಡಿದ ಪೊರೆ ಲಂಗದ ಬಟ್ಟೆಯಂತೆ. ಬೆನ್ನಿನ ಬಳಿ ಅದರ ಬುಡ ಒಂದು ಗೇಣಿಗಿಂತ ಕಡಿಮೆ. ಕರುಳಿಗೆ ಹೋಗುವ ರಕ್ತನಾಳಗಳೆಲ್ಲ ಈ ಬಟ್ಟೆಯೊಳಗೇ ಹಾದುಹೋಗುತ್ತವೆ. ಬೈಪಾಸ್ ಮಾಡುವಾಗ ಅಂಚನ್ನು ಕತ್ತರಿಸಿ ಮೇಲಕ್ಕೆತ್ತಿ ಬೇರೆ ಕಡೆ ಹೊಲಿದಿದ್ದಾರಲ್ಲ, ಬಟ್ಟೆಯಲ್ಲಿ ಅಲ್ಲಲ್ಲಿ ಸಂದು ಬಿದ್ದಿರುತ್ತದೆ. ಇಂಥ ಒಂದು ಸಂದಿಗೆ ವಾಲ್ಟರ್ ಪೀಟರ್ಸನ್ ಎಂಬ ಜರ್ಮನ್ ಸರ್ಜನ್ ಹೆಸರಿದೆ. ಬೊಜ್ಜಿಗೆ ಬೈಪಾಸ್ ಎಂಬುದು ಯಾರ ತಲೆಗೂ ಹೊಳೆಯದ 1900ರಲ್ಲೇ ಅವರು ಬೇರೊಂದು ಬಗೆಯ ಜಠರದ ಆಪರೇಷನ್ ನಂತರ ಕರುಳು ಹೀಗೆ ಸಿಕ್ಕಿಕೊಳ್ಳುವುದನ್ನು ವಿವರಿಸಿದ್ದರು.

ಆಪರೇಷನ್ ವೇಳೆ ಈ ಸಂದುಗಳನ್ನು ಹೊಲಿದು ಮುಚ್ಚುವ ಪದ್ಧತಿ ಇದೆ. ಆದರೆ ಪೊರೆಯಲ್ಲಿದ್ದ ಕೊಬ್ಬು ಮುಂದೆ ಕರಗುತ್ತದಲ್ಲ, ತೂಕ ಇಳಿದವರ ಕೈಯಲ್ಲಿ ಬಳೆ ಸಡಿಲವಾದಂತೆ ಹೊಲಿಗೆಯೂ ಸಡಿಲವಾಗಿ ಸಂದು ಮತ್ತೆ ತೆರೆದುಕೊಳ್ಳಬಹುದು. ಆಗ ಬಸುರು ನಿಂತರೆ, ಬೆಳೆಯುವ ಗರ್ಭಕೋಶ ಕರುಳನ್ನೆಲ್ಲ ಮೇಲಕ್ಕೆ ಒತ್ತುತ್ತದೆ, ಸಂದು ಇರುವ ಕಡೆಗೇ. ಹೀಗಾಗಿ ಕೊನೆಯ ಮೂರು ತಿಂಗಳಲ್ಲಿ ಅಪಾಯ ಹೆಚ್ಚು. ಹೆರಿಗೆಯಾಗಿ ಗರ್ಭಕೋಶ ಕುಗ್ಗಿ, ಕರುಳು ಒಮ್ಮೆಗೇ ಕೆಳಗೆ ಸರಿಯುವ ದಿನಗಳಲ್ಲೂ ಆಗಬಹುದು. ಸ್ಲೀವ್‌ನಲ್ಲಿ ಕರುಳನ್ನು ಮುಟ್ಟದೇ ಇರುವುದರಿಂದ ಅಂಥ ಸಂದು ಬೀಳುವುದಿಲ್ಲ, ಈ ಭಯವೂ ಇಲ್ಲ. ಯಾವ ಆಪರೇಷನ್ ಆಗಿದೆ ಎಂಬುದು ಯಾಕೆ ಮುಖ್ಯ ಎಂದು ಇಲ್ಲಿ ಗೊತ್ತಾಗುತ್ತದೆ.

ನೋವು ಸಾಮಾನ್ಯವಾಗಿ ಹೊಟ್ಟೆಯ ಮೇಲ್ಭಾಗದಲ್ಲಿ, ಎಡಕ್ಕೆ, ಬೆನ್ನಿಗೂ ಹರಿಯುವಂತೆ. ಬಂದು ಹೋಗಿ ಮಾಡಬಹುದು. ಹೊಟ್ಟೆ ಮುಟ್ಟಿ ನೋಡಿದರೆ ಮೆತ್ತಗೇ ಇರಬಹುದು, ರಕ್ತಪರೀಕ್ಷೆ ಸರಿಯಾಗೇ ಬರಬಹುದು, ವಾಂತಿಯೂ ಆಗದಿರಬಹುದು. ಅಲ್ಟ್ರಾಸೌಂಡ್‌ನಲ್ಲಿ ಮಗು ಚೆನ್ನಾಗಿದೆ ಎಂದು ಕಂಡರೆ ಎಲ್ಲರಿಗೂ ಸಮಾಧಾನ, ಆದರೆ ಕರುಳಿನ ಸಿಕ್ಕು ಅದರಲ್ಲಿ ಕಾಣುವುದು ಕಷ್ಟ. ಬಸುರಿನ ಬಿಪಿ ತೊಂದರೆಯಲ್ಲೂ ಮೇಲ್ಹೊಟ್ಟೆ ನೋಯುತ್ತದೆ. ತೂಕ ಬೇಗ ಇಳಿದವರಲ್ಲಿ ಪಿತ್ತಕೋಶದ ಕಲ್ಲೂ ಹೆಚ್ಚು, ಅದೂ ಅಲ್ಲೇ ನೋಯುತ್ತದೆ. ಹೀಗೆ ಅನುಮಾನ ಬೇರೆಬೇರೆ ಕಡೆ ಹೋಗಲು ದಾರಿ ಬಹಳ. ಅಷ್ಟರಲ್ಲಿ ತಿರುಚಿಕೊಂಡ ಪೊರೆಯೊಳಗೆ ರಕ್ತ ನಿಂತು ಮೀಟರುಗಟ್ಟಲೆ ಕರುಳು ಸತ್ತುಹೋಗಬಹುದು. ತಾಯಿ ಮತ್ತು ಮಗು ಇಬ್ಬರೂ ಉಳಿಯದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಪತ್ತೆಗೆ ಸಾಮಾನ್ಯವಾಗಿ ಸಿಟಿ ಸ್ಕ್ಯಾನ್ ಬೇಕು. ‘ಬಸುರಿಗೆ ಸಿಟಿಯೇ!’ ಎಂದು ಮನೆಯವರು ಹೌಹಾರುತ್ತಾರೆ. ಒಂದು ಸಿಟಿಯಿಂದ ಆ ತಿಂಗಳಲ್ಲಿ ಮಗುವಿಗೆ ತಗಲುವ ವಿಕಿರಣ, ಅಂಗದೋಷ ತರುವ ಮಟ್ಟಕ್ಕಿಂತ ತುಂಬ ಕೆಳಗಿದೆ. ಸತ್ತ ಕರುಳಿನ ಅಪಾಯದ ಮುಂದೆ ಅದು ಲೆಕ್ಕಕ್ಕೇ ಬರುವುದಿಲ್ಲ. ಸಿಟಿಯೂ ಕೆಲವೊಮ್ಮೆ ತಪ್ಪುತ್ತದೆ. ಆಗ ಬ್ಯಾರಿಯಾಟ್ರಿಕ್ ಸರ್ಜನ್‌ಗಳು ಕಾಯದೆ ಹೊಟ್ಟೆಗೆ ಚಿಕ್ಕ ತೂತು ಮಾಡಿ ದುರ್ಬೀನು (ಲ್ಯಾಪರೋಸ್ಕೋಪ್) ಹಾಕಿ ನೋಡಿಬಿಡುತ್ತಾರೆ. ಬೇಗ ಸಿಕ್ಕರೆ ಕೆಲಸ ಸಣ್ಣದು: ಕರುಳನ್ನು ಹಿಂದಕ್ಕೆಳೆದು ಸಂದು ಹೊಲಿಯುವುದು, ಬಸುರು ಮುಂದುವರಿಯುತ್ತದೆ.

ನಮ್ಮ ಪದ್ಧತಿಯಲ್ಲಿ ಇದಕ್ಕೊಂದು ವಿಚಿತ್ರ ತೊಡಕು ಸೇರುತ್ತದೆ. ಚೊಚ್ಚಲ ಬಸುರಿ ತವರಿಗೆ ಹೊರಡುವುದು ಸರಿಯಾಗಿ ಈ ಅಪಾಯ ಏರುವ ತಿಂಗಳುಗಳಲ್ಲೇ. ಆಪರೇಷನ್ ಮಾಡಿದ ಸರ್ಜನ್ ಒಂದು ಊರಲ್ಲಿ, ಹೆರಿಗೆ ಡಾಕ್ಟರು ಇನ್ನೊಂದು ಊರಲ್ಲಿ, ಫೈಲು ಗಂಡನ ಮನೆಯ ಬೀರುವಿನಲ್ಲಿ.

ಹೆರಿಗೆ, ಬಾಣಂತನ

ತೂಕದ ಆಪರೇಷನ್ ಆಗಿದೆ ಎಂಬ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಬೇರೆ ಕಾರಣವಿದ್ದರೆ ಬೇರೆ ಮಾತು.

ಹೆರಿಗೆಯ ನಂತರದ ನೋವಿಗೆ ನಮ್ಮಲ್ಲಿ ಕೈಗೆ ಮೊದಲು ಸಿಗುವುದು ಡೈಕ್ಲೊಫಿನಾಕ್, ಇಬುಪ್ರೊಫೆನ್‌ನಂಥ ಗುಳಿಗೆಗಳು. ಬೈಪಾಸ್‌ನ ಹೊಸ ಜೋಡಣೆಯ ಅಂಚಿನಲ್ಲಿ ಇವು ಹುಣ್ಣು ಮಾಡುತ್ತವೆ, ಆದ್ದರಿಂದ ಅಂಥವರಿಗೆ ಪ್ಯಾರಾಸಿಟಮಾಲ್ ಸಾಕಾದರೆ ಅದೇ ಲೇಸು. ಬಾಣಂತಿಗೆ ಕೊಡುವ ತುಪ್ಪ ಬೆಲ್ಲದ ಅಂಟಿನುಂಡೆ ಒಂದನ್ನು ಪೂರ್ತಿ ತಿಂದು ಬೆವರಿ ಮಲಗಿಬಿಟ್ಟರೆ ಅದೂ ಡಂಪಿಂಗೇ. ದೃಷ್ಟಿ ತೆಗೆಯುವ ಅಗತ್ಯವಿಲ್ಲ, ತುಂಡು ಚಿಕ್ಕದಾದರೆ ಸಾಕು.

ಎದೆಹಾಲು ಕೊಡಬಹುದು, ಕೊಡಬೇಕು. ಆದರೆ ತಾಯಿಯ ಬಿ12 ಖಾಲಿಯಾಗಿದ್ದರೆ ಹಾಲಿನಲ್ಲೂ ಅದಿರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಚೆನ್ನಾಗಿದ್ದ ಕೂಸು ಮಂಕಾಗುವುದು, ಕಲಿತ ಆಟ ಮರೆಯುವುದು ಇದರ ಲಕ್ಷಣವಾಗಿರಬಹುದು. ಹಾಗಾಗಿ ತಾಯಿಯ ವಿಟಮಿನ್ ಹೆರಿಗೆಯೊಂದಿಗೆ ನಿಲ್ಲುವಂತಿಲ್ಲ.

ತಾಯಿ ಕಾರ್ಡಿನಲ್ಲಿ ಒಂದು ಸಾಲು

ದುರ್ಬೀನಿನ ಮೂಲಕ ಮಾಡುವ ಈ ಆಪರೇಷನ್‌ನ ಗುರುತು ಎಂದರೆ ನಾಲ್ಕೈದು ಚಿಕ್ಕ ಕಲೆಗಳು. ಬಸುರಿನ ಗೀಟುಗಳ ನಡುವೆ ಅವೂ ಕಾಣುವುದಿಲ್ಲ. ಮದುವೆಗೆ ಮುಂಚೆ ಆಪರೇಷನ್ ಆಗಿದ್ದನ್ನು ಗಂಡನ ಮನೆಯಲ್ಲಿ ಹೇಳದೇ ಇರುವವರಿದ್ದಾರೆ. ಪರೀಕ್ಷೆಗೆ ಹೋದಾಗ ಅತ್ತೆಯೋ ನಾದಿನಿಯೋ ಪಕ್ಕದಲ್ಲೇ ಕೂತಿದ್ದರೆ ‘ಹಿಂದೆ ಏನಾದರೂ ಆಪರೇಷನ್?’ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಬಾಯಿಗೆ ಬರುವುದು ಅರ್ಥವಾಗುವಂಥದ್ದೇ. ಡಾಕ್ಟರ ಬಳಿ ಒಬ್ಬರೇ ಎರಡು ನಿಮಿಷ ಮಾತಾಡಲು ಕೇಳುವ ಹಕ್ಕು ಬಸುರಿಗೆ ಇದೆ, ಡಾಕ್ಟರು ತಾವಾಗಿಯೇ ಅಂಥ ಅವಕಾಶ ಮಾಡಿಕೊಟ್ಟರೆ ಇನ್ನೂ ಉತ್ತಮ.

ಡಿಸ್ಚಾರ್ಜ್ ಸಮ್ಮರಿಯ ಫೋಟೊ ಫೋನಿನಲ್ಲಿರಲಿ. ‘ಗ್ಯಾಸ್ಟ್ರಿಕ್ ಆಪರೇಷನ್’ ಎಂದಷ್ಟೇ ಹೇಳಿದರೆ ಯಾರಿಗೂ ಏನೂ ತಿಳಿಯುವುದಿಲ್ಲ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಡಾಕ್ಟರಿಂದ ಹೀಗೆ ಬರೆಸಬಹುದು: ‘ತೂಕ ಇಳಿಸಲು ರೂ-ಎನ್-ವೈ ಗ್ಯಾಸ್ಟ್ರಿಕ್ ಬೈಪಾಸ್ ಆಗಿದೆ, ಇಂಥ ತಿಂಗಳು, ಇಂಥ ವರ್ಷ, ಇಂಥ ಆಸ್ಪತ್ರೆ. ಸಿಹಿನೀರಿನ ಪರೀಕ್ಷೆ ಬೇಡ. ಗ್ಲೂಕೋಸ್‌ಗೆ ಮುಂಚೆ ತಯಾಮಿನ್. ಮೇಲ್ಹೊಟ್ಟೆ ನೋವು ಬಂದರೆ ಒಳ ಹರ್ನಿಯಾ ಇಲ್ಲವೆಂದು ಖಚಿತವಾಗುವವರೆಗೆ ಮನೆಗೆ ಕಳಿಸಬೇಡಿ.’ ಕೆಳಗೆ ಸರ್ಜನ್ ಫೋನ್ ನಂಬರು.